ನೆಲವೇ ಡೊಂಕಾಗಿದ್ದ ಹಾಡು

ಚೀಲದಲ್ಲಿ ಕ್ಯಾಸೆಟ್ಟುಗಳಿದ್ದವು. ಅವನ್ನು ರೆಕಾರ್ಡ್ ಮಾಡಿದ ಯಂತ್ರವೂ ಇತ್ತು. ಆದರೆ ಯಂತ್ರದೊಳಗಿನ ರಬ್ಬರ್ ಬೆಲ್ಟು ಕರಗಿ ಜೋನಿ ಬೆಲ್ಲದ ಹಾಗೆ ಬೆರಳಿಗೆ ಅಂಟಿತು. ಚೀಲ ತಂದವರು ನನ್ನ ಮುಖವನ್ನೇ ನೋಡುತ್ತಿದ್ದರು. ಡಾಕ್ಟರು ಏನು ಹೇಳುತ್ತಾರೋ ಎಂದು ಕಾಯುವವರ ಮುಖ ಅದು.

"ಹೋಯ್ತಾ ಸಾರ್?"

"ಬೆಲ್ಟ್ ಹೋಗಿದೆ. ಹಾಡು ಹೋಗಿಲ್ಲ," ಎಂದೆ.

ಹಳೆಯ ಧ್ವನಿಮುದ್ರಣಗಳನ್ನು ಒರೆಸಿ, ಕೊಳೆ ತೆಗೆದು, ಮತ್ತೆ ಕೇಳುವಂತೆ ಮಾಡುವುದು ನನ್ನ ಕಸುಬು. ಚಾಮರಾಜಪೇಟೆಯ ನನ್ನ ಕೋಣೆಗೆ ಹೆಚ್ಚಾಗಿ ಬರುವುದು ಯಾರದೋ ಅಜ್ಜನ ಹರಿಕಥೆ, ಯಾರದೋ ಸೋದರತ್ತೆಯ ಆರತಿ ಹಾಡು. ಪಾಪ್ ತಂಡವೊಂದು ಬಂದದ್ದು ಅದೇ ಮೊದಲು. ನಾಲ್ಕು ಜನ ಗೆಳೆಯರು ಸಿನಿಮಾದ ಹಂಗಿಲ್ಲದೆ ಕನ್ನಡದಲ್ಲಿ ತಾವೇ ಹಾಡು ಕಟ್ಟಿ, ಮಲ್ಲೇಶ್ವರದ ಒಂದು ಮನೆಯ ಮಹಡಿಯ ಕೋಣೆಯಲ್ಲಿ ರೆಕಾರ್ಡ್ ಮಾಡಿ, ಕಾಲೇಜುಗಳಲ್ಲಿ ನುಡಿಸುತ್ತಿದ್ದರಂತೆ. ತಂಡ ಒಡೆದು ಎರಡು ದಶಕದ ಮೇಲಾಗಿದೆ. ಚೀಲ ತಂದವರು ಅದರ ಗಿಟಾರಿಸ್ಟು. ಶ್ರೀರಾಂಪುರದವರು, ಈಗ ಒಂದು ಸರ್ಕಾರಿ ಇಲಾಖೆಯಲ್ಲಿ ಇಂಜಿನಿಯರು. ಇದ್ದ ಹಾಡುಗಳನ್ನೆಲ್ಲ ಒಟ್ಟು ಮಾಡಿ ಒಂದು ಆಲ್ಬಮ್ ತರಬೇಕೆಂಬುದು ಅವರ ಆಸೆ.

"ಹೊಸದಾಗಿ ಏನೂ ಸೇರಿಸೋದು ಬೇಡ ಸಾರ್. ಹಿಂಗೊಂದು ಬ್ಯಾಂಡ್ ಇತ್ತು ಅಂತ ಗೊತ್ತಾಗ್ಲಿ, ಅಷ್ಟೆ."

"ಎಲ್ಲರೂ ಒಪ್ಪಿದಾರಾ?"

"ಡ್ರಮ್ಮರ್ ಓಕೆ ಅಂದ. ಕೀಬೋರ್ಡಿನವನೂ ಓಕೆ." ಆಮೇಲೆ ಚೀಲದ ಜಿಪ್ಪನ್ನು ಎಳೆದರು, ಬಿಟ್ಟರು, ಮತ್ತೆ ಎಳೆದರು. "ಹಾಡಿದವಳದ್ದು ಒಂದು ಕಂಡೀಷನ್ ಇದೆ."

ಆ ಷರತ್ತು ಒಂದೇ ಹಾಡಿನ ಮೇಲೆ. ಮಹಡಿಯಲ್ಲಿ ಒಣಹಾಕಿದ ಸಂಡಿಗೆ ಕಾಯುತ್ತ ಕೂತ ಹುಡುಗಿ ಕಾಗೆಯ ಜೊತೆ ಮಾತಿಗಿಳಿಯುವ ಹಾಡು ಅದು. ತಂಡದವರು ಅದನ್ನು ಕಾಗೆ ಹಾಡು ಎನ್ನುತ್ತಿದ್ದರು. ಕಾಲೇಜಿನ ಹುಡುಗರು ವೇದಿಕೆಯ ಮುಂದೆ "ಕಾಗೆ! ಕಾಗೆ!" ಎಂದು ಕೂಗುತ್ತಿದ್ದರಂತೆ. ಈ ತಂಡವನ್ನು ನೆನಪಿಟ್ಟುಕೊಂಡ ಅಷ್ಟಿಷ್ಟು ಜನರಿಗೂ ನೆನಪಿರುವುದು ಅದೊಂದೇ. ಅದನ್ನು ಬಿಟ್ಟು ಆಲ್ಬಮ್ ತಂದರೆ ಮದುಮಗನಿಲ್ಲದ ದಿಬ್ಬಣ. ಗಾಯಕಿ ಹೇಳಿದ್ದು ಇಷ್ಟು: ಆ ಹಾಡನ್ನು ಬಿಡಿ, ಇಲ್ಲವೇ ನನ್ನ ದನಿಯನ್ನು ಸರಿಮಾಡಿ ಹಾಕಿ.

"ಅದ್ರಲ್ಲಿ ಅವಳು ಸ್ವಲ್ಪ ಇಳೀತಾಳೆ ಸಾರ್. ಈಗ ಸಾಫ್ಟ್‌ವೇರ್ ಇದೆಯಲ್ಲ, ಎತ್ತಿಬಿಡಿ. ಮುಗೀತು," ಎಂದರು ಗಿಟಾರಿಸ್ಟು.

ಅವರ ಯಂತ್ರ ನಾಲ್ಕು ಟ್ರ್ಯಾಕಿನದು. ಮಾಮೂಲಿ ಕ್ಯಾಸೆಟ್ಟಿನಲ್ಲಿ ಎರಡು ಬದಿ ಇರುತ್ತದೆ. ಈ ಯಂತ್ರ ಎರಡೂ ಬದಿಯನ್ನು ಒಂದೇ ಕಡೆಗೆ ಓಡಿಸಿ ಟೇಪಿನ ಅಗಲವನ್ನೆಲ್ಲ ಬಳಸಿಕೊಳ್ಳುತ್ತದೆ. ಅದನ್ನು ಮನೆಯ ಟೇಪ್ ರೆಕಾರ್ಡರಿಗೆ ಹಾಕಿದರೆ ಅರ್ಧ ತಂಡ ಮುಂದಕ್ಕೂ ಇನ್ನರ್ಧ ಹಿಂದಕ್ಕೂ ಹಾಡುತ್ತದೆ. ಹಾಗಾಗಿ ಅದೇ ಯಂತ್ರ ಓಡಲೇಬೇಕಿತ್ತು. ಕರಗಿದ ರಬ್ಬರನ್ನು ಸ್ಪಿರಿಟ್ಟು ಹಚ್ಚಿದ ಹತ್ತಿಯಿಂದ ಉಜ್ಜಿ ತೆಗೆದೆ. ಸರಿಯಳತೆಯ ಬೆಲ್ಟು ಹುಡುಕುವುದರಲ್ಲಿ ಸಾಕುಬೇಕಾಯಿತು. ಮೊದಲು ಸಿಕ್ಕಿದ್ದು ಬಿಗಿಯಾಗಿ ಯಂತ್ರ ನರಳಿತು, ಎರಡನೆಯದು ಸಡಿಲವಾಗಿ ಹಾಡು ತೂಕಡಿಸಿತು. ಕೊನೆಗೊಂದು ಹೊಂದಿತು. ಡ್ರಮ್, ಗಿಟಾರ್, ಕೀಬೋರ್ಡ್, ದನಿ, ನಾಲ್ಕು ಜನ ನಾಲ್ಕು ಟ್ರ್ಯಾಕಿನಲ್ಲಿ ಒಬ್ಬೊಬ್ಬರಾಗಿ ಕಂಪ್ಯೂಟರಿಗೆ ಇಳಿದರು.

ಉಳಿದ ಹಾಡುಗಳಲ್ಲಿ ಆ ದನಿಗೆ ಹೆಸರಿಡಲು ಏನೂ ಇರಲಿಲ್ಲ. ನೇರವಾದ, ತುಂಟತನದ, ಎಲ್ಲೂ ಅಲುಗದ ದನಿ. ಕಾಗೆ ಹಾಡಿನಲ್ಲಿ ಮಾತ್ರ ಗಿಟಾರಿಗಿಂತ ಕೆಳಗಿತ್ತು. ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ಇರುವ ದೂರದಲ್ಲಿ ಮೂರನೇ ಒಂದು ಪಾಲಿನಷ್ಟು. ಸಂಗೀತ ಬಾರದವರಿಗೂ ಏನೋ ಹುಳಿಯಾಗಿದೆ ಎನ್ನಿಸುವಷ್ಟು.

ನಾನು ಆ ದನಿಯ ಟ್ರ್ಯಾಕಿನಿಂದ ಹಿನ್ನೆಲೆಯ ಗೊರ್ ಸದ್ದನ್ನು ತೆಗೆದೆ, ದನಿಯನ್ನು ಅಷ್ಟೇ ಅಳತೆ ಮೇಲೆತ್ತಿದೆ. ಒಂದೇ ಏಟಿಗೆ ಕೂತಿತು. ಗಿಟಾರಿಸ್ಟಿಗೆ ಕಳಿಸಿದೆ. "ಸೂಪರ್ ಸಾರ್!" ಎಂದು ಫೋನ್ ಬಂತು. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು.

ಆದರೆ ಆ ಒಂದೇ ಏಟು ನನ್ನನ್ನು ಕೆದಕತೊಡಗಿತು. ಶ್ರುತಿ ತಪ್ಪುವವರು ಹೀಗೆ ತಪ್ಪುವುದಿಲ್ಲ. ಸಾಲಿನ ಮೊದಲು ಸರಿಯಿದ್ದು ಕೊನೆಗೆ ಜಾರುತ್ತಾರೆ, ಮೇಲಿನ ಸ್ವರಕ್ಕೆ ಕೈಯೆಟುಕದೆ ಒದ್ದಾಡುತ್ತಾರೆ. ಈಕೆ ಮೊದಲ ಅಕ್ಷರದಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಕೆಳಗಿದ್ದರು. ಇಷ್ಟು ಶಿಸ್ತಿನ ತಪ್ಪನ್ನು ನಾನು ಕೇಳಿದ್ದೇ ಇಲ್ಲ. ತಪ್ಪು ಮಾಡಲೂ ಅಷ್ಟು ಕಿವಿ ಬೇಕು.

ಒಪ್ಪಿಗೆ ಕೇಳಲು ಗಿಟಾರಿಸ್ಟು ತಾವು ಹೋಗಲಿಲ್ಲ. "ನೀವೇ ಹೋಗಿಬನ್ನಿ ಸಾರ್, ನಾನು ಬಂದ್ರೆ ಕೆಲಸ ಕೆಡುತ್ತೆ," ಎಂದರು. ಗಾಯಕಿ ಈಗ ಕುಮಾರ ಪಾರ್ಕಿನಲ್ಲಿ ಹಲ್ಲಿನ ಡಾಕ್ಟರು. ರೋಗಿಗಳೆಲ್ಲ ಹೋದ ಮೇಲೆ ನನ್ನ ಹೆಡ್‌ಫೋನನ್ನು ತೆಗೆದುಕೊಂಡು ಒಂದೇ ಕಿವಿಗೆ ಒತ್ತಿಕೊಂಡು, ನಿಂತೇ ಕೇಳಿದರು.

"ಚೆನ್ನಾಗಿ ಮಾಡಿದೀರಿ. ಹಾಕ್ಕೊಳ್ಳಿ," ಎಂದರು. "ಆದ್ರೆ ಆಲ್ಬಮ್ಮಲ್ಲಿ ನನ್ನ ಹೆಸರು ಬೇಡ."

"ಈ ಹಾಡಿಗಾ?"

"ಯಾವುದಕ್ಕೂ ಬೇಡ. ಇಷ್ಟು ಎತ್ತಿ ನಿಲ್ಲಿಸ್ಬೇಕಾದ ದನಿಗೆ ನನ್ನ ಹೆಸರು ಯಾಕೆ? ದಿನವಿಡೀ ಬೇರೆಯವ್ರ ಬಾಯಿ ತೆಗೆಸ್ತೀನಿ ಸಾರ್. ನಂದು ಆವತ್ತೇ ಮುಚ್ಚಿದ್ದು."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಆವತ್ತು ಎಂದರೆ ಯಾವತ್ತು ಎಂದು ಕೇಳಿಯೇಬಿಟ್ಟೆ. ನನಗೆ ಸಂಬಂಧವಿಲ್ಲದ ವಿಷಯ, ನಿಜ. ಆದರೆ ಕುತೂಹಲಕ್ಕೆ ಸಂಕೋಚ ಎಲ್ಲಿಯದು?

ಕಾಗೆ ಹಾಡಿನ ರೆಕಾರ್ಡಿಂಗ್ ದಿನ ಅವರು ಎಷ್ಟು ಸಲ ಹಾಡಿದರೂ ಕೂಡಲಿಲ್ಲವಂತೆ. "ಈ ರೂಮಲ್ಲಿ ಕಿವಿ ನಿಲ್ತಿಲ್ಲ ಕಣೋ, ಇಲ್ಲೇ ಏನೋ ಇದೆ," ಎಂದರಂತೆ. ಆಗ ಗಿಟಾರಿಸ್ಟು ಎಲ್ಲರ ಮುಂದೆ, "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದುಬಿಟ್ಟರು. ಉಳಿದಿಬ್ಬರು ನಕ್ಕರು. ಅದಾದ ಮೇಲೆ ಇವರು ಒಂದೆರಡು ಕಾರ್ಯಕ್ರಮಕ್ಕೆ ಹೋದರು, ಮತ್ತೆ ಹೋಗಲಿಲ್ಲ. ತಂಡ ಅಲ್ಲಿಗೇ ಬಿತ್ತು.

"ಅದೇ ಮನೆ ಕೆಳಗೆ ಆರು ವರ್ಷದವಳಿದ್ದಾಗಿಂದ ಸಂಗೀತ ಕಲ್ತೋಳು ನಾನು. ಟೀಚರ್ ಹತ್ರ ಹೇಳಿ ಮೇಲಿನ ರೂಮ್ ಕೊಡ್ಸಿದ್ದೂ ನಾನೇ. ಶ್ರುತಿಜ್ಞಾನ ಇಲ್ಲ ಅಂತ ಅನ್ನಿಸ್ಕೊಂಡಿದ್ದೂ ಅದೇ ಮನೇಲಿ. ಹೋಗ್ಲಿ ಬಿಡಿ, ಅವನು ಹೇಳಿದ್ದು ಸುಳ್ಳಲ್ಲ. ನಾನೇ ಕೇಳಿದೀನಲ್ಲ."

ಶೇಷಾದ್ರಿಪುರದ ಕಡೆ ನಡೆಯುತ್ತ ಬರುವಾಗ ಆ ಗಾದೆಯೇ ತಲೆಯಲ್ಲಿ ತಿರುಗುತ್ತಿತ್ತು. ಕುಣಿಯಲಾರದವಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಆ ನೆಲವನ್ನು ಯಾರಾದರೂ ಅಳೆದು ನೋಡಿದ್ದಾರೆಯೇ?

ಮೊದಲ ಅನುಮಾನ ಯಂತ್ರದ ಮೇಲೆ ಬಂತು. ಅದರಲ್ಲಿ ಟೇಪಿನ ವೇಗವನ್ನು ಚೂರು ಹೆಚ್ಚು ಕಡಿಮೆ ಮಾಡುವ ಒಂದು ತಿರುಪಿದೆ. ವಾದ್ಯಗಳನ್ನು ಮುದ್ರಿಸುವಾಗ ಯಾರಾದರೂ ಅದನ್ನು ಮುಟ್ಟಿದ್ದರೆ ಆಮೇಲೆ ವಾದ್ಯಗಳೇ ಮೇಲೇರುತ್ತವೆ, ತಮ್ಮ ಅಭ್ಯಾಸದ ಶ್ರುತಿಯಲ್ಲಿ ಸರಿಯಾಗಿ ಹಾಡಿದವರೂ ಕೆಳಗೆ ಕೇಳುತ್ತಾರೆ. ಅದೇ ಇರಬೇಕೆಂದು ನಾನು ಹಿಗ್ಗಿ ಗಿಟಾರಿಸ್ಟಿಗೆ ಫೋನ್ ಮಾಡಿದೆ.

"ಚಾನ್ಸೇ ಇಲ್ಲ ಸಾರ್. ಡ್ರಮ್ಮರ್ ಸುಮ್ನೆ ಕೈಯಾಡಿಸ್ತಾನೆ ಅಂತ ಮೊದಲ್ನೇ ದಿನಾನೇ ಅದರ ಮೇಲೆ ಸೆಲ್ಲೋ ಟೇಪ್ ಅಂಟ್ಸಿದ್ದೆ. ನೋಡಿ, ಇರ್ಬೇಕು."

ನೋಡಿದೆ. ಹಳದಿ ತಿರುಗಿ, ಅಂಚೆಲ್ಲ ಸಿಬಿರೆದ್ದು, ತಿರುಪಿನ ಮೇಲೆ ಅದು ಇನ್ನೂ ಅಂಟಿಕೊಂಡೇ ಇತ್ತು. ನನ್ನ ಹಿಗ್ಗು ಅಲ್ಲಿಗೆ ಇಳಿಯಿತು. ಫೋನ್ ಇಡುವ ಮುನ್ನ, ಉಳಿದ ಹಾಡುಗಳಿಗೂ ಇದಕ್ಕೂ ಏನಾದರೂ ವ್ಯತ್ಯಾಸವಿತ್ತೇ ಎಂದು ಕೇಳಿದೆ.

"ಏನಿಲ್ಲ ಸಾರ್. ಉಳಿದಿದ್ದೆಲ್ಲ ಮಧ್ಯಾಹ್ನದ ಮೇಲೆ ಮಾಡ್ತಿದ್ವಿ. ಇದೊಂದು ಮಾತ್ರ ಭಾನುವಾರ ಬೆಳಗ್ಗೆ. ಕೀಬೋರ್ಡಿನವನು ಊರಿಗೆ ಹೊರಟಿದ್ದ, ಅರ್ಜೆಂಟಿತ್ತು."

ಭಾನುವಾರ ಬೆಳಗ್ಗೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ನನ್ನದೊಂದು ಅಭ್ಯಾಸವಿದೆ. ಹಾಡಿನಿಂದ ಬೇಡದ ಸದ್ದು ತೆಗೆದಾಗ ತೆಗೆದದ್ದನ್ನು ಎಸೆಯದೆ ಬೇರೆಯಾಗಿ ಇಟ್ಟುಕೊಂಡು ಒಮ್ಮೆ ಕೇಳುತ್ತೇನೆ. ಅಕ್ಕಿ ಆರಿಸಿದ ಮೇಲೆ ಕಲ್ಲಿನ ಜೊತೆ ಕಾಳು ಹೋಗಿದೆಯೇ ಎಂದು ಮೊರದ ಅಂಚು ನೋಡುವುದಿಲ್ಲವೇ, ಹಾಗೆ. ಕಾಗೆ ಹಾಡು ಒಂದೇ ಏಟಿಗೆ ಕೂತ ಖುಷಿಯಲ್ಲಿ ಅದನ್ನು ಕೇಳಿರಲಿಲ್ಲ. ಈಗ ಆ ಕಸವನ್ನು ತೆರೆದು ವಾಲ್ಯೂಮ್ ಪೂರ್ತಿ ಏರಿಸಿದೆ.

ನಾನು ಕರೆಂಟಿನ ಗೊರ್ ಎಂದುಕೊಂಡದ್ದು ಗೊರ್ ಆಗಿರಲಿಲ್ಲ. ಅದರಲ್ಲಿ ಷಡ್ಜವಿತ್ತು, ಪಂಚಮವಿತ್ತು. ಯಾರೋ ತಿದಿ ಒತ್ತಿ ಬಿಟ್ಟ ಹಾಗೆ ಉಸಿರಿನ ಏರಿಳಿತವಿತ್ತು. ಶ್ರುತಿಪೆಟ್ಟಿಗೆ! ಅದರ ಜೊತೆ ಬಹಳ ದೂರದಲ್ಲಿ, ಬಾವಿಯ ತಳದಿಂದ ಬಂದಂತೆ, ಮಕ್ಕಳ ದನಿ: ಸ ರಿ ಗ ಮ ಪ ದ ನಿ ಸ. ಭಾನುವಾರ ಬೆಳಗಿನ ಪಾಠ.

ಮೇಲೆತ್ತುವ ಮೊದಲಿನ ದನಿಯನ್ನು ಹುಡುಕಿ ತೆಗೆದು ಆ ಕಸದ ಮೇಲಿಟ್ಟೆ. ಗಿಟಾರಿಲ್ಲ, ಕೀಬೋರ್ಡಿಲ್ಲ, ಬರೀ ಶ್ರುತಿಪೆಟ್ಟಿಗೆ ಮತ್ತು ಆಕೆ. ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಗಾಯಕಿ ಶ್ರುತಿ ತಪ್ಪಿರಲಿಲ್ಲ. ಮೇಲಿನವರ ಶ್ರುತಿಗೆ ಹಾಡುತ್ತಿದ್ದೇನೆಂದುಕೊಂಡು ಕೆಳಮನೆಯ ಶ್ರುತಿಗೆ ಹಾಡಿದ್ದರು.

"ಅವರು ಹೆಡ್‌ಫೋನ್ ಹೇಗೆ ಹಾಕ್ಕೋತಿದ್ರು?" ಎಂದು ಗಿಟಾರಿಸ್ಟನ್ನು ಕೇಳಿದೆ. ಉತ್ತರ ನನಗೆ ಗೊತ್ತಿತ್ತು, ಕ್ಲಿನಿಕ್ಕಿನಲ್ಲಿ ನೋಡಿದ್ದೆ.

"ಒಂದೇ ಕಿವಿಗೆ ಸಾರ್. ಎಷ್ಟು ಹೇಳಿದ್ರೂ ಇನ್ನೊಂದು ಕಿವಿ ಬಿಟ್ಕೊಂಡೇ ಹಾಡೋಳು. ನಮಗೆಲ್ಲ ಎರಡು ಕಿವಿಗೂ ಬೇಕು."

"ಮೈಕ್ ಎಲ್ಲಿತ್ತು?"

"ಮೆಟ್ಲು ಹತ್ರ. ಅಲ್ಲಿ ಮಾತ್ರ ಜಾಗ ಇದ್ದಿದ್ದು."

ಆ ಶ್ರುತಿಪೆಟ್ಟಿಗೆ ನಿಜವಾಗಿ ಅಷ್ಟು ಇಳಿದಿತ್ತೇ ಎಂದು ನೋಡದೆ ನನಗೆ ಸಮಾಧಾನವಿರಲಿಲ್ಲ. ಗಿಟಾರಿಸ್ಟನ್ನು ಹೊರಡಿಸಿಕೊಂಡು ಮಲ್ಲೇಶ್ವರಕ್ಕೆ ಹೋದೆ. ಟೀಚರ್ ಬಾಗಿಲಲ್ಲೇ ಅವರ ಗುರುತು ಹಿಡಿದರು.

"ಏನೋ, ನೀನಾ? ಮೇಲ್ಗಡೆ ಡಬ್ಬ ಬಡೀತಿದ್ದೋನು?"

"ಡಬ್ಬ ಅವನು ಟೀಚರ್. ನಾನು ಗಿಟಾರ್."

"ಯಾವ್ದೋ ಒಂದು. ನಮ್ಮ ಪಾಠ ಎಲ್ಲ ಕೆಡಿಸ್ತಿದ್ರಿ. ಬನ್ನಿ, ಕೂತ್ಕೊಳ್ಳಿ."

ಪೆಟ್ಟಿಗೆ ಇನ್ನೂ ಇತ್ತು. ತಿದಿಯ ಚರ್ಮಕ್ಕೆ ತೇಪೆ ಹಾಕಿದ್ದರು. ಟೇಪಿನಲ್ಲಿ ಕೇಳಿಸಿದ್ದನ್ನು ಹೇಳಿ, ಅದರ ಶ್ರುತಿ ಎಷ್ಟು ಎಂದು ಕೇಳಿದೆ.

"ಐದು ಮನೆ."

ಗಿಟಾರಿಸ್ಟು ಕಿಟಕಿಯಾಚೆ ನೋಡಿ, ನನ್ನ ಕಿವಿಯಲ್ಲಿ, "ಐದು ಮನೆ ಆಚೆ ಏನಿದೆ ಸಾರ್?" ಎಂದರು. ಹಾರ್ಮೋನಿಯಮ್ಮಿನ ಒಂದೊಂದು ಕೀಲಿಗೂ ಮನೆ ಎನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ. ಟೀಚರಿಗೆ ಕೇಳಿಸಿತು.

"ಐದನೇ ಮನೆ ಕಣೋ ಇದರದ್ದು. ಆದ್ರೆ ವಯಸ್ಸಾಯ್ತು ನೋಡು, ಒಳಗೆ ಹೋಗಲ್ಲ, ಬಾಗಿಲಲ್ಲೇ ನಿಂತಿದೆ," ಎಂದು ನಕ್ಕರು. "ಇಳಿದಿದೆ, ರಿಪೇರಿ ಮಾಡ್ಸಿ ಅಂತ ಎಲ್ರೂ ಹೇಳ್ತಾರೆ. ಯಾಕೆ ಮಾಡಿಸ್ಲಿ? ನನ್ನ ಗಂಟ್ಲೂ ಅದ್ರ ಜೊತೆಗೇ ಇಳ್ಕೊಂಡು ಬಂದಿದೆ. ಇಬ್ರೂ ಒಟ್ಟಿಗೆ ಇಳಿದ್ರೆ ಅಪಶ್ರುತಿ ಎಲ್ಲಿ ಬಂತು?"

ಅವರು ಒತ್ತಿದರು, ನಾನು ಅಳೆದೆ. ಟೇಪಿನಲ್ಲಿದ್ದದ್ದಕ್ಕಿಂತ ಒಂದು ಎಳೆ ಕೆಳಗಿತ್ತು, ಇಷ್ಟು ವರ್ಷದಲ್ಲಿ ಅಷ್ಟು ಸವೆದಿರಬೇಕು. ಸಂಶಯಕ್ಕೆ ಜಾಗವಿರಲಿಲ್ಲ.

"ಅವಳು ಹಾಡ್ತಿದಾಳಾ?" ಎಂದು ಟೀಚರ್ ಕೇಳಿದರು. ಯಾರೆಂದು ಹೇಳಬೇಕಿರಲಿಲ್ಲ.

"ಇಲ್ಲ ಟೀಚರ್."

"ಯಾಕೆ?"

ಗಿಟಾರಿಸ್ಟು ತಾವಂದ ಗಾದೆಯನ್ನು ಮೆಲ್ಲಗೆ ಹೇಳಿದರು, ಪೂರ್ತಿಯಾಗಿ. ಟೀಚರ್ ನಗಲಿಲ್ಲ, ಬೈಯಲೂ ಇಲ್ಲ. ಕಾಲಿನ ಹೆಬ್ಬೆರಳಿನಿಂದ ಕೆಂಪು ನೆಲವನ್ನು ಒಮ್ಮೆ ಒತ್ತಿ, "ನೆಲ ನಮ್ದೇ ಅಲ್ವೇನೋ," ಎಂದರು.

ಚಾಮರಾಜಪೇಟೆಗೆ ಮರಳುವ ಹೊತ್ತಿಗೆ ನಾನು ನಿರ್ಧಾರ ಮಾಡಿದ್ದೆ. ಗಾಯಕಿಯ ದನಿಯನ್ನು ಇದ್ದ ಹಾಗೆ ಬಿಟ್ಟು ಗಿಟಾರನ್ನೂ ಕೀಬೋರ್ಡನ್ನೂ ಅವರ ಮಟ್ಟಕ್ಕೆ ಇಳಿಸುತ್ತೇನೆ ಎಂದೆ. ಗಿಟಾರಿಸ್ಟಿನ ಮುಖ ಸಣ್ಣದಾಯಿತು.

"ಸಾರ್, ನಾನು ಟ್ಯೂನಿಂಗ್ ಫೋರ್ಕ್ ಇಟ್ಕೊಂಡು ಟ್ಯೂನ್ ಮಾಡಿದ್ದೆ. ನಂದು ಸರಿಯಾಗೇ ಇತ್ತು."

"ಸರಿಯಾಗೇ ಇತ್ತು. ಯಾರು ಇಲ್ಲ ಅಂದ್ರು?"

"ಅವಳ್ನ ಎತ್ತಿದ್ರೂ ಒಂದೇ, ನಮ್ಮನ್ನ ಇಳಿಸಿದ್ರೂ ಒಂದೇ. ಕೇಳೋರಿಗೆ ಏನು ಗೊತ್ತಾಗುತ್ತೆ?"

"ಕೇಳೋರಿಗೆ ಒಂದೇ. ಅವರನ್ನ ಎತ್ತಿದ್ರೆ ಆಲ್ಬಮ್ಮಲ್ಲಿ ಅವರ ಹೆಸರಿರಲ್ಲ. ನಿಮ್ಮನ್ನ ಇಳಿಸಿದ್ರೆ, ಹೆಸರು ಹಾಕೋಣ್ವಾ ಅಂತ ಕೇಳಿ ನೋಡ್ಬಹುದು."

ಕೆಳಗಿನ ಹೋಟೆಲಿನಿಂದ ಕಾಫಿ ಬಂತು. ಅವರದು ಕೆನೆಗಟ್ಟಿತು. ನಾನು ಅವರನ್ನು ಕೆಣಕಲು ಹೋಗಲಿಲ್ಲ. ಸರಿಯಿದ್ದ ತನ್ನ ಕೆಲಸವನ್ನು ತಾನೇ ಬಗ್ಗಿಸುವುದು ಎಂಥವರಿಗೂ ಸಂಕಟವೇ, ನನಗೂ ಆಗುತ್ತಿತ್ತು.

"ಇಳಿಸಿ ಸಾರ್," ಎಂದರು ಕೊನೆಗೆ.

ಇಳಿಸುವುದು ಎತ್ತಿದಷ್ಟು ಸುಲಭವಾಗಲಿಲ್ಲ. ಮೊದಲ ಸಲ ಗಿಟಾರಿನ ಮೀಟು ಮಂಕಾಯಿತು, ಒದ್ದೆ ಬಟ್ಟೆ ಬಡಿದ ಹಾಗೆ. ಮೀಟಿನ ಚುರುಕನ್ನು ಬೇರೆ ಮಾಡಿ ಹಾಗೇ ಉಳಿಸಿಕೊಂಡು, ಅದರ ಹಿಂದಿನ ನಾದವನ್ನಷ್ಟೇ ಇಳಿಸಿ, ಎರಡನ್ನೂ ಮತ್ತೆ ಸೇರಿಸಬೇಕಾಯಿತು. ಕೀಬೋರ್ಡು ಹಟ ಮಾಡದೆ ಬಂತು. ಡ್ರಮ್ಮಿಗೆ ಈ ಜಗಳ ಸಂಬಂಧವೇ ಇರಲಿಲ್ಲ. ಕೊನೆಗೆ, ನಾನು ಕಸವೆಂದು ತೆಗೆದಿದ್ದ ಶ್ರುತಿಪೆಟ್ಟಿಗೆಯನ್ನೂ ಮಕ್ಕಳ ಸರಳೆಯನ್ನೂ ತಂದು ಹಾಡಿನ ತಲೆಗೇ ಇಟ್ಟೆ.

ಗಾಯಕಿ ಬೆಳಗಿನ ರೋಗಿಗಳನ್ನು ಮುಗಿಸಿಕೊಂಡು ಬಂದರು. ಗಿಟಾರಿಸ್ಟು ಎದ್ದು ನಿಂತರು. ಗಾಯಕಿ ಒಮ್ಮೆ ನೋಡಿ, "ಕೂತ್ಕೋ," ಎಂದರು, ರೋಗಿಗೆ ಹೇಳಿದ ಹಾಗೆ. ನಾನು ಹೆಡ್‌ಫೋನ್ ಕೊಡದೆ ಸ್ಪೀಕರಿನಲ್ಲೇ ಹಾಕಿದೆ.

ಶ್ರುತಿ ಎದ್ದಿತು. ಮಕ್ಕಳು ಬಂದರು. "ಅಯ್ಯೋ, ಇದು ನಮ್ಮ ಟೀಚರ್ ಪೆಟ್ಗೆ!" ಎಂದು ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಗಿಟಾರು ಸೇರಿತು, ಕೀಬೋರ್ಡು ಸೇರಿತು, ಆಮೇಲೆ ಸಂಡಿಗೆ ಕಾಯುವ ಆ ಹುಡುಗಿ ಕಾಗೆಯನ್ನು ಕರೆದಳು. ಹಾಡು ಮುಗಿಯುವವರೆಗೂ ಆ ಕೈ ಬಾಯಿಯ ಮೇಲೇ ಇತ್ತು.

"ಈ ಸಲ ನನ್ನ ಎಷ್ಟು ಎತ್ತಿದ್ರಿ?" ಎಂದು ನನ್ನನ್ನು ಕೇಳಿದರು.

"ನಿಮ್ಮ ದನಿ ಮುಟ್ಟೇ ಇಲ್ಲ."

"ಮತ್ತೆ ಹೆಂಗೆ ಕೂತಿದೆ?"

ಉಳಿದದ್ದು ನಾನು ಹೇಳುವ ಮಾತಲ್ಲವೆಂದು ಗಿಟಾರಿಸ್ಟಿನ ಕಡೆ ನೋಡಿದೆ.

"ನಾನು ಇಳಿದಿದೀನಿ ಕಣೇ," ಎಂದರು ಗಿಟಾರಿಸ್ಟು. "ಆವತ್ತು ಕೆಳಗೆ ಪಾಠ ನಡೀತಿತ್ತು. ನೀನು ಟೀಚರ್ ಶ್ರುತಿಗೆ ಸರಿಯಾಗೇ ಹಾಡಿದೀಯ. ನೆಲಾನೇ ಡೊಂಕಿತ್ತು."

ಗಾಯಕಿ, ಮೊದಲಿನಿಂದ ಹಾಕಿ ಎಂದು ನನಗೆ ಕೈಸನ್ನೆ ಮಾಡಿದರು. ಶ್ರುತಿ ಮತ್ತೆ ಎದ್ದಿತು. ಗಿಟಾರು ಬರುವ ಮುಂಚಿನ ಆ ಸ್ವಲ್ಪ ಜಾಗದಲ್ಲಿ, ತುಟಿ ತೆರೆಯದೆ, ಷಡ್ಜವನ್ನು ಹಿಡಿದು ನಿಂತರು. ದನಿ ಒರಟಾಗಿತ್ತು, ಆದರೆ ಎಲ್ಲೂ ಅಲುಗಲಿಲ್ಲ. ನಾನು ಮಾನಿಟರ್ ಕಡೆ ತಿರುಗಿಕೊಂಡೆ.

"ಹೆಸರು ಹಾಕಿ ಸಾರ್," ಎಂದರು. "ಇನಿಷಿಯಲ್ ಮುಂದೆ ಬರ್ಬೇಕು, ಮರೀಬೇಡಿ."

ಆಮೇಲೆ ಗಿಟಾರಿಸ್ಟಿನ ಕಡೆ ತಿರುಗಿದರು. ಕೆನ್ನೆಯ ಮೇಲೆ ನೀರು, ಮುಖದಲ್ಲಿ ನಗು.

"ಆವತ್ತೇ ಇಳೀಬಹುದಿತ್ತಲ್ಲೋ."